ಬೀಗರ ಕಥೆ ಪೆಟ್ಟಿಗೆ

ನನ್ನ ಮಗಳಿಗೆ ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲ. ಎಂಟನೇ ವರ್ಷಕ್ಕೆ ಮೊಮ್ಮಗಳು ಹುಟ್ಟಿದಳು. ಹುಟ್ಟಿದ್ದು ನಮ್ಮ ಮನೆಯಲ್ಲೇ, ನಡುಮನೆಯ ಮೂಲೆಯಲ್ಲಿ. ಆ ಹೊತ್ತಿಗೆ ನಾನು ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಗಾಡಿಯಿಂದ ಕಡಲೇಕಾಯಿ ಮೂಟೆ ಇಳಿಸುತ್ತಿದ್ದೆ. ನಮ್ಮೂರಿನವನೊಬ್ಬ ಬಂದು, "ಮಾವಾ, ಎಣ್ಣು ಮಗು" ಎಂದು ತಾನೇ ಏನೋ ತಪ್ಪು ಮಾಡಿದವನ ಹಾಗೆ ಹೇಳಿದ.

"ಎಣ್ಣೇ ಆಗ್ಲಿ ಕಣ್ಲಾ. ನೀನ್ಯಾಕೆ ಬೇವಿನಕಾಯಿ ತಿಂದಂಗೆ ಮುಖ ಮಾಡ್ತೀಯ?" ಎಂದು ಅವನ ಕೈಗೂ ಬೆಲ್ಲ ಇಟ್ಟೆ, ಎತ್ತುಗಳ ಬಾಯಿಗೂ ಇಟ್ಟೆ. ಎತ್ತುಗಳು ಅವನಿಗಿಂತ ಹೆಚ್ಚು ಸಂತೋಷಪಟ್ಟವು. ಊರಿನ ತನಕ ಗಾಡಿ ಹೊಡೆದುಕೊಂಡು ಬಂದೆನೋ ಹಾರಿಕೊಂಡು ಬಂದೆನೋ ಇವತ್ತಿಗೂ ನೆನಪಿಲ್ಲ.

ಆ ಮೊಮ್ಮಗಳ ವಿಷಯ ಬರೆಯಲು ಕೂತರೆ ನನಗೆ ಕೈ ನಿಲ್ಲುವುದಿಲ್ಲ. ಅವಳ ಮೊದಲ ಹಲ್ಲು, ಮೊದಲ ಸುಳ್ಳು, ಎಲ್ಲವನ್ನೂ ಬರೆದುಬಿಡುತ್ತೇನೆ. ಅದಕ್ಕೇ ಒಂದೇ ಸಂಗತಿಗೆ ನನ್ನನ್ನು ಕಟ್ಟಿಹಾಕಿಕೊಳ್ಳುತ್ತೇನೆ. ಅವಳ ನಿದ್ದೆಗಾಗಿ ನಾನು ಒಂದು ಮರದ ಪೆಟ್ಟಿಗೆಯ ಮೇಲೆ ಪಟ್ಟ ಹೊಟ್ಟೆಕಿಚ್ಚಿನ ಸಂಗತಿ ಅದು. ಪೆಟ್ಟಿಗೆಯ ಮೇಲೂ, ಪೆಟ್ಟಿಗೆಯ ಯಜಮಾನರ ಮೇಲೂ.

ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟು ಗಾಡಿ ಹತ್ತಿದವನು. ಅಕ್ಷರ ಕಲಿತದ್ದು ಶಾಲೆಯಲ್ಲಾದರೆ ಕಥೆ ಕಲಿತದ್ದು ರಾಗಿ ಕಣದಲ್ಲಿ. ನಮ್ಮ ಕಡೆ ಕಥೆಗೆ ಎರಡು ಕಟ್ಟುಪಾಡುಗಳಿವೆ. ಕೇಳುವವರು ಮಾತಿಗೊಂದು ಸಲ ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ಅಲ್ಲೇ ನಿಲ್ಲಬೇಕು. ಇನ್ನೊಂದು, ಹಗಲಲ್ಲಿ ಕಥೆ ಹೇಳಬಾರದು. ಹೇಳಿದರೆ ಎಲ್ಲೋ ನಡೆದು ಹೋಗುತ್ತಿರುವ ದಾರಿಹೋಕರಿಗೆ ದಾರಿ ತಪ್ಪುತ್ತದೆ. ಮನೆಯಲ್ಲಿ ಕೂತವರು ಇದನ್ನು ನಂಬಲಿ ಬಿಡಲಿ, ದಾರಿಯಲ್ಲೇ ಜೀವನ ಕಳೆದ ನಾನು ನಂಬುತ್ತಿದ್ದೆ. ಮೊಮ್ಮಗಳು ನಮ್ಮೂರಿಗೆ ಬಂದಾಗಲೆಲ್ಲ ದೀಪ ಹಚ್ಚುವುದನ್ನೇ ಕಾದು ನನ್ನ ತೊಡೆ ಹತ್ತುತ್ತಿದ್ದಳು. ನಾನು ಅವಳಿಗೆ ಗಾಡಿ ತಾತ.

ಅವಳಿಗೆ ಐದು ವರ್ಷವಾದಾಗ ಮಗಳು ಹೇಳಿ ಕಳುಹಿಸಿದಳು. "ಅಪ್ಪಾ, ಪಾಪಂಗೆ ನಿದ್ದೆಯೇ ಇಲ್ಲ. ಬೇಗ ಬಾ."

ಮಗಳನ್ನು ಕೊಟ್ಟದ್ದು ಆಂಡರ್ಸನ್‌ಪೇಟೆಗೆ. ಅಳಿಯ ಚಿನ್ನದ ಗಣಿಯಲ್ಲಿ ಭೂಮಿಯ ಕೆಳಗೆ ಕೆಲಸಕ್ಕಿದ್ದ; ಅವನ ಅಪ್ಪ, ನನ್ನ ಬೀಗರು, ಮೂವತ್ತು ವರ್ಷ ಅದೇ ಕೆಲಸ ಮಾಡಿ ಮನೆಯಲ್ಲಿ ಕೂತಿದ್ದರು. ಬೀಗಿತ್ತಿ ಹಿಂದೆಯೇ ತೀರಿಹೋಗಿದ್ದರು. ಗಣಿಯೂರಿನಲ್ಲಿ ಒಂದು ಕಷ್ಟವಿದೆ. ಕಲ್ಲು ತೋಡಿ ತೋಡಿ ಭೂಮಿಯ ಹೊಟ್ಟೆ ಖಾಲಿಯಾಗಿ, ಒಮ್ಮೊಮ್ಮೆ ಆಳದಲ್ಲಿ ಬಂಡೆ ಸಿಡಿಯುತ್ತದೆ. ಮೇಲೆ ಮನೆಗಳು ಅದುರುತ್ತವೆ. ಅವರು ಅದನ್ನು ಏರ್‌ಬ್ಲಾಸ್ಟ್ ಅನ್ನುತ್ತಾರೆ. ಅಂಥದ್ದೊಂದು ಆದಾಗ ಮೊಮ್ಮಗಳು ಮಲಗಿದ್ದಳಂತೆ. ಆವತ್ತಿನಿಂದ ನೆಲಕ್ಕೆ ಬೆನ್ನು ತಾಗಿದರೆ ಎದ್ದು ಕೂರುತ್ತಾಳಂತೆ.

ಎತ್ತು ಗಾಡಿಯನ್ನು ಬಂಗಾರಪೇಟೆಯಲ್ಲಿ ಪರಿಚಯದ ಗಾಣದವರ ಮನೆಯಲ್ಲಿ ಬಿಟ್ಟೆ. ಮೇವು ಅವರದು, ಅವರ ಮೂಟೆ ಹೊರುವುದು ನನ್ನ ಎತ್ತುಗಳದು. ಮಾರಿಕುಪ್ಪಂ ರೈಲು ಹತ್ತಿ ಕೂತೆ. ಮಗು ನಿದ್ದೆಗೆಟ್ಟಿದೆ ಎಂಬ ಸಂಕಟ ಒಂದು ಕಡೆ. ಅವಳನ್ನು ಮಲಗಿಸಲು ಇಡೀ ಗಣಿಯೂರು ಬಿಟ್ಟು ನನ್ನನ್ನೇ ಕರೆದಿದ್ದಾರೆ ಎಂಬ ಹಿಗ್ಗು ಇನ್ನೊಂದು ಕಡೆ. ಹಿಗ್ಗೇ ಜಾಸ್ತಿ ಇತ್ತು, ಸುಳ್ಳು ಯಾಕೆ ಹೇಳಲಿ. ರೈಲಿನಲ್ಲೇ ಮೂರು ಕಥೆ ಆರಿಸಿ ಇಟ್ಟುಕೊಂಡೆ.

ಇನ್ನೊಂದು ಮಾತು. ಮಗಳನ್ನು ಕೊಟ್ಟ ಮನೆಯಲ್ಲಿ ಹೆಣ್ಣಿನ ಅಪ್ಪ ಮೂರು ದಿನಕ್ಕಿಂತ ಹೆಚ್ಚು ಊಟ ಮಾಡಬಾರದು ಎನ್ನುವುದು ನಮ್ಮ ಜನದ ರೀತಿ. ಏನಾದರೂ ಕೆಲಸವಿದ್ದರೆ ಬೇರೆ ಮಾತು. ಈ ಸಲ ನನಗೆ ಕೆಲಸವಿತ್ತು. ಮಗು ಮಲಗುವ ತನಕ ನಾನು ಅಲ್ಲಿರಬಹುದಿತ್ತು, ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

ಹೊತ್ತು ನೆತ್ತಿಗೆ ಬರುವಾಗ ಆ ಮನೆಯ ಬಾಗಿಲು ಮುಟ್ಟಿದೆ. ಮೊಮ್ಮಗಳು ಓಡಿ ಬಂದು ಮೊಣಕಾಲು ತಬ್ಬಿಕೊಂಡಳು. ಕಣ್ಣು ಕೆಂಪಗಿತ್ತು. ಎತ್ತಿಕೊಂಡೆ. ನನ್ನ ಮೀಸೆ ಎಳೆದಳು. ಆ ಎಳೆತದಲ್ಲಿ ನನ್ನ ಆಯಸ್ಸು ಹತ್ತು ವರ್ಷ ಹೆಚ್ಚಿತು.

"ವಾಂಗೋ ವಾಂಗೋ ಬೀಗ್ರೇ!" ಎಂದು ಬೀಗರು ತಮಿಳಿನಲ್ಲೇ ಕರೆದು ಜಗಲಿಯಲ್ಲಿ ಚಾಪೆ ಹಾಸಿದರು. ಗಣಿಯೂರಿನವರಿಗೆ ಬಾಯಲ್ಲಿ ಮೂರು ಭಾಷೆ ಒಟ್ಟಿಗೆ ಇರುತ್ತವೆ. "ಈ ಪಾಪನ್ನ ಮಲಗ್ಸೋಕೆ ಅಂತ ಅಷ್ಟು ದೂರದಿಂದ ಬಂದ್ರಾ? ಪಾಪ, ನಿಮ್ಗೆ ತ್ರಾಸ. ಇಲ್ಲಿ ಎಲ್ಲಾ ಸರಿಯಾಯ್ತು."

"ಏನ್ ಸರಿಯಾಯ್ತು?"

"ನಿನ್ನೆಯಿಂದ ಪೆಟ್ಗೆ ಮಲಗಿಸ್ತಾ ಐತೆ."

ನನಗೆ ಅರ್ಥವಾಗಲಿಲ್ಲ. ಊಟವಾದ ಮೇಲೆ ಅರ್ಥವಾಯಿತು. ಬೀಗರು ಒಳಗಿಂದ ಒಂದು ಗ್ರಾಮಫೋನು ಪೆಟ್ಟಿಗೆ ತಂದು, ನೆಲದ ಮೇಲೆ ಮಡಿಸಿಟ್ಟ ಗೋಣಿಚೀಲದ ಮೇಲೆ ದೇವರನ್ನು ಇಟ್ಟ ಹಾಗೆ ಇಟ್ಟರು. ಗಣಿಯ ದೊರೆಯೊಬ್ಬ ಸೀಮೆಗೆ ಹೋಗುವಾಗ ಮಾರಿ ಹೋದದ್ದಂತೆ. ಜೊತೆಗೆ ಹುಲ್ಲು ತುಂಬಿದ ಇನ್ನೊಂದು ಸಣ್ಣ ಪೆಟ್ಟಿಗೆ. ಅದರಲ್ಲಿ ಆರು ಕರೀ ಪ್ಲೇಟುಗಳು. ಹಾಡಿನ ಪ್ಲೇಟುಗಳಲ್ಲ. ರಾಜ್ಯ ಕಳೆದುಕೊಂಡ ರಾಜ, ಅವನ ರಾಣಿ, ಎಳೇ ಮಗು ಕಾಡು ಸೇರುವ ಹಳೇ ಕಾಲದ ಕಥೆಯನ್ನು ನಾಟಕದವರು ಮಾತಾಡಿ ಮಾತಾಡಿ ಆರು ಪ್ಲೇಟಿಗೆ ತುಂಬಿಸಿದ್ದರು. ಬೀಗರು ಕೈಹಿಡಿ ತಿರುಗಿಸಿದರು, ಮುಳ್ಳು ಇಟ್ಟರು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದು. ಆಮೇಲೆ ಒಬ್ಬ ಗಂಡಸು, "ಎಲೈ ಮಂತ್ರಿ" ಎಂದು ಆ ಸಣ್ಣ ಮನೆಯಲ್ಲಿ ಗುಡುಗಿದ.

"ತಾತಾ, ಮಲಕ್ಕೋ" ಎಂದು ಮೊಮ್ಮಗಳು ಕರೆದಳು. ನನ್ನನ್ನಲ್ಲ. ಬೀಗರನ್ನು. ಅವರು ಪೆಟ್ಟಿಗೆ ತಾತ.

"ಯಾಕ್ ಬೀಗ್ರೇ," ಎಂದೆ, "ಅಗಲೊತ್ತಲ್ಲಿ ಕಥೆ ಏಳಿಸ್ತಾ ಇದೀರ? ದಾರೀಲಿ ಓಗೋರ್ ಗತಿ ಏನು?"

ಬೀಗರು ನಕ್ಕರು. ನಕ್ಕರೆ ಅವರಿಗೆ ಕೆಮ್ಮು ಬರುತ್ತಿತ್ತು. ಕೆಮ್ಮು ಮುಗಿಸಿ ಹೇಳಿದರು: "ನಮ್ ಊರಲ್ಲಿ ರಾತ್ರಿ ಪಾಳಿ ಮುಗ್ಸಿ ಬಂದೋರಿಗೆ ಬಿಸ್ಲೇ ಬೆಳದಿಂಗ್ಳು. ಒಳಗೆ ನೋಡಿ, ನಿಮ್ ಅಳಿಯ ಎಂಗೆ ಗೊರಕೆ ಒಡೀತಾವ್ನೆ. ದಾರಿ ತಪ್ಪೋರು ಬಂಗಾರಪೇಟೆ ಕಡೆ ತಪ್ಪಲಿ, ನೀವು ಗಾಡೀಲಿ ಕೂರಿಸ್ಕೊಂಡು ಬನ್ನಿ."

ಎರಡನೇ ಪ್ಲೇಟಿಗೆ ಮೊಮ್ಮಗಳ ಕಣ್ಣು ಸಣ್ಣಗಾಯಿತು. ಮೂರನೆಯದಕ್ಕೆ ಮುಚ್ಚಿತು. ಐದು ದಿನ ನೆಲಕ್ಕೆ ಬೆನ್ನು ಕೊಡದ ಮಗು ಚಾಪೆಯ ಮೇಲೆ ಕೈಕಾಲು ಚೆಲ್ಲಿ ಮಲಗಿತು. ನಾಲ್ಕನೇ ಪ್ಲೇಟಿನ ಹೊತ್ತಿಗೆ ಬೀಗರೂ ಅವಳ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಮಲಗಿಬಿಟ್ಟರು. ಪ್ಲೇಟು ಮುಗಿದು ಮುಳ್ಳು ಸುಮ್ಮನೆ ಕೆರೆಯುತ್ತಿತ್ತು. ಮಗಳು ಅಡುಗೆಮನೆಯಿಂದ ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಮುಳ್ಳು ಎತ್ತಿಟ್ಟಳು.

"ನೋಡ್ದಾ ಅಪ್ಪಾ, ಎಂಗೆ ಮಲಗವ್ಳೆ!" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ನೋಡಿದೆ. ಮಗು ಮಲಗಿದ್ದಕ್ಕೆ ಸಂತೋಷವಾಗಬೇಕಾಗಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೇ ಎದೆಯಲ್ಲಿ ಒಲೆಯ ಬೂದಿ ಕೆದಕಿದ ಹಾಗೆ ಒಂದು ಉರಿ ಎದ್ದಿತು. ಆ ಪೆಟ್ಟಿಗೆಗೆ ಕೈಯಿಲ್ಲ, ತಲೆ ಸವರುವುದಿಲ್ಲ. ಕಣ್ಣಿಲ್ಲ, ಮಗು ಮಲಗಿತೋ ಎದ್ದಿತೋ ಅದಕ್ಕೆ ಗೊತ್ತಿಲ್ಲ. ಯಾರೂ ಹೂಂ ಅನ್ನದಿದ್ದರೂ ನಾಚಿಕೆಯಿಲ್ಲದೆ ಹೇಳಿಕೊಂಡು ಹೋಗುತ್ತದೆ. ಅಂಥದ್ದು ನನ್ನ ಕೆಲಸವನ್ನು ಕಿತ್ತುಕೊಂಡು ಕೂತಿತ್ತು.

ಇರಲಿ, ದೀಪ ಹಚ್ಚಲಿ ಎಂದು ಕಾದೆ. ಸಂಜೆ ಗಣಿಯ ಸೈರನ್ ಕೂಗಿತು. ಅಳಿಯ ಪಾಳಿಗೆ ಹೋದ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನಲ್ಲಿದ್ದ ಎಲ್ಲಕ್ಕಿಂತ ಮೇಲಾದ ಕಥೆ ತೆಗೆದೆ: ರಾಗಿ ಬಣವೆಯೊಳಗೆ ಮನೆ ಮಾಡಿದ ನರಿಯದು.

"ಒಂದೂರಲ್ಲಿ ಒಂದು ನರಿ ಇತ್ತು."

"ಊಂ."

"ಅದಕ್ಕೆ ಚಳಿ."

"ಊಂ. ಯಾಕೆ ಕಂಬ್ಳಿ ಇರ್ಲಿಲ್ವಾ?"

"ಇರ್ಲಿಲ್ಲ ತಾಯಿ."

"ಊಂ. ನಿನ್ ಕಂಬ್ಳಿ ಕೊಡ್ಬೋದಿತ್ತಲ್ಲ ಗಾಡಿ ತಾತ?"

ಹೂಂ ಅಂದ ಹಾಗೆಲ್ಲ ಅವಳ ಕಣ್ಣು ಅರಳುತ್ತಾ ಹೋಯಿತು. ನರಿಗೆ ಮದುವೆಯಾಯಿತು, ಮಕ್ಕಳಾದವು, ಬಣವೆ ಬಿಚ್ಚಿದರು, ನರಿ ಓಡಿತು. ಮೊಮ್ಮಗಳು ಎದ್ದು ನಿಂತು ತಾನೂ ಓಡಿದಳು. ಎರಡನೇ ಕಥೆಗೆ ಹಾರತೊಡಗಿದಳು. ಮಗಳು ಒಳಗಿಂದ, "ಅಪ್ಪಾ, ಮಲಗ್ಸು ಅಂದ್ರೆ ಕುಣಿಸ್ತೀಯಲ್ಲ!" ಎಂದು ಇಬ್ಬರನ್ನೂ ಗದರಿದಳು. ಕೊನೆಗೆ ಬೀಗರು ಎದ್ದು ಹೋಗಿ ಕೈಹಿಡಿ ತಿರುಗಿಸಿದರು. ಮೂರು ಪ್ಲೇಟು. ಮಗು ಮಲಗಿತು.

"ನಿಮ್ ಕಥೆ ಬಾಳ ಚೆನ್ನಾಗೈತೆ ಬೀಗ್ರೇ," ಎಂದರು ಬೀಗರು. "ಬಾಳ ಚೆನ್ನಾಗಿರೋದೇ ತಪ್ಪು."

ಹೊಗಳಿದರೋ ಬೈದರೋ ತಿಳಿಯದ ಮಾತಿನ ಹಾಗೆ ಮೈಯಲ್ಲಿ ಉಳಿಯುವುದು ಇನ್ನೊಂದಿಲ್ಲ.

ಮಾರನೇ ದಿನವೂ ಅದೇ ಆಯಿತು. ಮಧ್ಯಾಹ್ನ ಪೆಟ್ಟಿಗೆಯ ಸುತ್ತ ಮೊಮ್ಮಗಳು, ಬೀಗರು ಮಲಗಿದ್ದರೆ ನಾನು ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಕೇಳುವುದಿಲ್ಲ ಎಂದು ಹಟ. ಕಿವಿ ಕೇಳುತ್ತಿತ್ತು. ಕೈಹಿಡಿಯ ಬಲ ಇಳಿದಾಗ ರಾಜನ ದನಿ ಎಮ್ಮೆಯ ದನಿಯಾಗುತ್ತಿತ್ತು. ಆಗ ನನಗೆ ಒಳಗೊಳಗೇ ಖುಷಿ. ಆದರೆ ನಿಜ ಹೇಳಬೇಕು, ರಾಣಿಯ ಪಾತ್ರದ ಹೆಂಗಸು ಮಗುವನ್ನು ಮಲಗಿಸುವ ಮಾತಾಡಿದಾಗ ನನ್ನ ಬಾಯಲ್ಲಿದ್ದ ಎಲೆ ಅಗಿಯದೆ ಹಾಗೇ ನಿಂತಿತು. ಅಷ್ಟು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಮೂರನೇ ದಿನ ಬೆಳಿಗ್ಗೆ ಮಗಳು ರಾಗಿ ರೊಟ್ಟಿ ತಟ್ಟುತ್ತಾ ಕೇಳಿದಳು: "ಅಪ್ಪಾ, ನಾಳೆ ಓಗ್ತೀಯಾ? ಓಗೋದಾದ್ರೆ ಅವ್ವಂಗೆ ನಾಕು ರೊಟ್ಟಿ ಕಟ್ಟಿಕೊಡ್ತೀನಿ." ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೂ ನಾನು ತಟ್ಟೆಯಲ್ಲಿದ್ದ ರೊಟ್ಟಿ ಪಕ್ಕಕ್ಕೆ ಸರಿಸಿದೆ. ಬಂದ ಕೆಲಸ ಪೆಟ್ಟಿಗೆ ಮಾಡಿ ಮುಗಿಸಿತ್ತು. ಇನ್ನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಆ ಮಧ್ಯಾಹ್ನ ಬೀಗರು ಮುಳ್ಳು ತರಲು ಪೇಟೆಗೆ ಹೋದರು. ಅಳಿಯ ಒಳಕೋಣೆಯಲ್ಲಿ ಮಲಗಿದ್ದ. ಮಗಳು ನಲ್ಲಿಯ ಹತ್ತಿರ ನೀರಿಗೆ ನಿಂತಿದ್ದಳು. ಮೊಮ್ಮಗಳು ಜಗಲಿಯಲ್ಲಿ ಹುಣಸೆಬೀಜ ಹರಡಿಕೊಂಡು ಆಡುತ್ತಿದ್ದಳು. ನಡುಮನೆಯಲ್ಲಿ ನಾನು, ಪ್ಲೇಟುಗಳು ಇಬ್ಬರೇ.

ಕಣ್ಣಿಗೆ ಬೀಳದಿದ್ದರೆ ಮಗು ಪೆಟ್ಟಿಗೆ ಬೇಕೆಂದು ಕೇಳುವುದಿಲ್ಲ ಎನಿಸಿತು. ಇವತ್ತು ಒಂದು ದಿನ ದಾರಿಹೋಕರು ದಾರಿ ತಪ್ಪಿದರೂ ತಪ್ಪಲಿ, ಹಗಲಲ್ಲೇ ಕಥೆ ಹೇಳಿ ನಾನೇ ಮಲಗಿಸುತ್ತೇನೆ ಎಂದುಕೊಂಡೆ. ಗ್ರಾಮಫೋನು ಭಾರ, ಅದರ ಮೇಲೆ ಗೋಣಿ ಹೊದಿಸಿದೆ. ಪ್ಲೇಟಿನ ಪೆಟ್ಟಿಗೆಯನ್ನು ಎತ್ತಿ ಗೋಡೆಗೆ ಹೊಡೆದ ಎತ್ತರದ ಹಲಗೆಯ ಮೇಲೆ, ಮೊರದ ಹಿಂದೆ ಇಟ್ಟೆ. ನಮ್ಮ ಊರಿನಲ್ಲಿ ಬೆಲೆಯುಳ್ಳದ್ದನ್ನು ಮೇಲೆಯೇ ಇಡುವುದು. ಕೆಳಗಿಟ್ಟರೆ ಇಲಿ, ತೇವ, ಕರುವಿನ ಕಾಲು. ಹಾಳು ಮಾಡಬೇಕೆಂದು ನನ್ನ ಮನಸ್ಸಿನಲ್ಲಿ ಇರಲಿಲ್ಲ. ಬಚ್ಚಿಡುವಾಗಲೂ ಜೋಪಾನವಾಗಿಯೇ ಬಚ್ಚಿಟ್ಟೆ.

ಮೂರು ದಿನದಿಂದ ಆ ಮನೆಯಲ್ಲಿದ್ದರೂ ನಾನು ಒಂದನ್ನು ನೋಡಿಯೂ ನೋಡಿರಲಿಲ್ಲ. ಆ ಮನೆಯ ಹಲಗೆಗಳ ಮೇಲೆ ಮೊರ, ಬುಟ್ಟಿ, ಹಳೇ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಉಪ್ಪಿನಕಾಯಿ ಜಾಡಿ ನೆಲದಲ್ಲಿ, ಹೊಟ್ಟು ತುಂಬಿದ ಡಬ್ಬದೊಳಗೆ. ಕನ್ನಡಿಯನ್ನು ನಾಲ್ಕು ಮೂಲೆಗೂ ದಾರ ಹಾಕಿ ಗೋಡೆಗೆ ಬಿಗಿದಿದ್ದರು. ದೇವರ ದೀಪವೂ ನೆಲದ ಮೇಲೆ. ಗಣಿಯೂರಿನಲ್ಲಿ ಒಡೆಯುವ ವಸ್ತುವನ್ನು ಯಾರೂ ಮೇಲಿಡುವುದಿಲ್ಲ. ಯಾಕೆಂದು ನನಗೆ ಗೊತ್ತಾದದ್ದು ಆಮೇಲೆ.

ಹೊರಗೆ ಬಂದು ಮೊಮ್ಮಗಳ ಪಕ್ಕ ಕೂತಿದ್ದೆ ಅಷ್ಟೇ. ನೆಲ ಒಳಗಿಂದ ಒದ್ದಿತು. ಗಾಡಿಯ ಚಕ್ರ ಬಂಡೆ ಹತ್ತಿ ದೊಪ್ಪನೆ ಇಳಿದ ಹಾಗೆ ಒಂದೇ ಒಂದು ಜಡಿತ. ಹೆಂಚುಗಳು ಹಲ್ಲು ಕಡಿದವು. ಹುಣಸೆಬೀಜಗಳು ಜಗಲಿಯ ಮೇಲೆ ತಾವಾಗಿಯೇ ಕುಣಿದವು. ಒಳಗೆ ಏನೋ ಬಿದ್ದ ಸದ್ದು.

ಮೊಮ್ಮಗಳು ಅಳಲಿಲ್ಲ. ನನ್ನ ಕುತ್ತಿಗೆಗೆ ಬಿಗಿದುಕೊಂಡು ಮರದ ಗೊಂಬೆಯ ಹಾಗೆ ಸೆಟೆದಳು. ಬೀದಿಯವರೆಲ್ಲ ಹೊರಗೆ ಬಂದು ಗಣಿಯ ಬಾಯಿಯ ಕಡೆಗೆ ಮುಖ ಮಾಡಿ ನಿಂತರು. ಅಳಿಯ ಎದ್ದು ಬಂದ. ನೆಲಕ್ಕೆ ಅಂಗೈ ಇಟ್ಟು, ಗಣಿಯಿಂದ ಅಪಾಯದ ಸೈರನ್ ಕೂಗುತ್ತದೋ ಎಂದು ಸ್ವಲ್ಪ ಹೊತ್ತು ಕಿವಿಗೊಟ್ಟು, "ದೂರದ್ದು. ಯಾರ್ಗೂ ಏನಿಲ್ಲ" ಎಂದ. ಬೀದಿಯವರೂ ಹಾಗೇ ಅಂದುಕೊಂಡು ಒಳಗೆ ಹೋದರು. ಮಗಳು ಕೊಡ ಬಿಟ್ಟು ಓಡಿ ಬಂದಳು. ಅವಳ ಹಿಂದೆಯೇ ಬೀಗರು, ಮುಳ್ಳಿನ ಸಣ್ಣ ಡಬ್ಬಿ ಹಿಡಿದುಕೊಂಡು, ಕೆಮ್ಮುತ್ತಾ.

ಒಳಗೆ ಪ್ಲೇಟಿನ ಪೆಟ್ಟಿಗೆ ನೆಲದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಹುಲ್ಲು ಐದು ಪ್ಲೇಟುಗಳನ್ನು ಕಾಪಾಡಿತ್ತು. ಮೇಲಿದ್ದ ಆರನೆಯದು ಮೂರು ತುಂಡಾಗಿತ್ತು.

"ಇದನ್ನ ಯಾರು ಮೇಲಿಟ್ಟೋರು?" ಎಂದು ಅಳಿಯ ಕೇಳಿದ.

ಕೇಳುವ ಅಗತ್ಯವೇ ಇರಲಿಲ್ಲ. ಆ ಊರಿನವರು ಯಾರೂ ಅದನ್ನು ಮೇಲಿಡುವವರಲ್ಲ. ಆ ಊರಿನವನಲ್ಲದವನು ಮನೆಯಲ್ಲಿ ಒಬ್ಬನೇ ಇದ್ದ. ನಾನು ಬಾಯಿ ತೆರೆದೆ.

"ನಾನೇ ಕಣ್ಲಾ," ಎಂದರು ಬೀಗರು. "ಪೇಟೆಗೆ ಓಗೋ ಅವಸರದಲ್ಲಿ ಎತ್ತಿಟ್ಬುಟ್ಟೆ. ವಯಸ್ಸಾಯ್ತು, ಬುದ್ಧಿ ಎಲ್ಲಿರುತ್ತೆ?"

ಅಳಿಯ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, ಮತ್ತೆ ಮಲಗಲು ಹೋದ. ಬೀಗರು ಕೂತು ಮೂರು ತುಂಡುಗಳನ್ನು ಜೋಡಿಸಿ ನೋಡಿದರು. ರೊಟ್ಟಿ ಮುರಿದ ಹಾಗೆ ಸರಿಯಾಗಿ ಕೂತವು. ಮತ್ತೆ ಬಿಡಿಸಿ ಹುಲ್ಲಿನಲ್ಲಿಟ್ಟರು. ನನಗೆ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು. ಪೆಟ್ಟಿಗೆಯೂ ಅವರದೇ, ಮಗುವಿನ ನಿದ್ದೆಯೂ ಅವರದೇ, ಈಗ ದೊಡ್ಡತನವೂ ಅವರದೇ ಆಯಿತು. ಒಬ್ಬನೇ ಮನುಷ್ಯನ ಪಾಲಿಗೆ ಎಷ್ಟು?

"ಪೆಟ್ಗೆ ಆಕು," ಎಂದಳು ಮೊಮ್ಮಗಳು. ನನ್ನ ಕುತ್ತಿಗೆ ತಬ್ಬಿಕೊಂಡೇ ಹೇಳಿದಳು.

ಬೀಗರು ಹಾಕಿದರು. ಅವಳನ್ನು ಚಾಪೆಯ ಮೇಲೆ ಬಿಡಲು ಹೋದೆ, ಬಿಡಲಿಲ್ಲ. ತೊಡೆಯ ಮೇಲೆಯೇ ಹಾಕಿಕೊಂಡು ಮೊದಲ ಸಲ ಪೆಟ್ಟಿಗೆಯ ಎದುರು ಕೂತೆ. ಒಂದು ಮುಗಿಯಿತು. ಎರಡು, ಮೂರು. ಅವಳ ಕಣ್ಣು ದೀಪದ ಹಾಗೆ ತೆರೆದೇ ಇತ್ತು. ನಾಲ್ಕನೆಯದಕ್ಕೆ ಬೀಗರ ತಲೆ ವಾಲತೊಡಗಿತು. ಕೆನ್ನೆಗೆ ತಾವೇ ಬಡಿದುಕೊಂಡು ಎದ್ದು ಕೂತರು. ಐದನೆಯದರಲ್ಲಿ ರಾಜ ನದಿಯ ದಡಕ್ಕೆ ಬಂದ. ನದಿ ತುಂಬಿ ಹರಿಯುತ್ತಿದೆ. ರಾಣಿ, ಮಗು ಆಚೆ ದಡದಲ್ಲಿ. ಮಗು ಅಪ್ಪಾ ಎಂದು ಕೂಗಿತು. ಪ್ಲೇಟು ಮುಗಿದು ಮುಳ್ಳು ಕೆರೆಯಿತು.

"ಆಮೇಲೆ?" ಎಂದಳು ಮೊಮ್ಮಗಳು.

ಬೀಗರು ಮುಳ್ಳು ಎತ್ತಿದರು.

"ಆಮೇಲೆ ಏನಾಯ್ತು ಪೆಟ್ಗೆ ತಾತ? ಆ ಪಾಪ ಅಪ್ಪನ್ ಅತ್ರ ಓಯ್ತಾ?"

"ನಂಗ್ಗೊತ್ತಿಲ್ಲ ಬಂಗಾರ."

"ನಿಂದೇ ಪೆಟ್ಗೆ ಅಲ್ವಾ?"

ಬೀಗರು ತಲೆ ಕೆರೆದುಕೊಂಡು ನನ್ನ ಕಡೆ ನೋಡಿದರು. "ಬೀಗ್ರೇ, ಯಾರ್ಗೂ ಏಳ್ಬೇಡಿ. ಮೂವತ್ತು ವರ್ಷ ಪಾಳಿ ಮಾಡಿ ನನ್ ನಿದ್ದೆ ಕೆಟ್ಟೋಗಿತ್ತು. ಅಗಲೂ ಬರ್ತಿರ್ಲಿಲ್ಲ, ರಾತ್ರಿನೂ ಬರ್ತಿರ್ಲಿಲ್ಲ. ಮಾತಾಡೋ ಸದ್ದು ಕಿವೀಗೆ ಬಿದ್ರೆ ಒಂದಿಷ್ಟು ಕಣ್ಣು ಅತ್ತುತ್ತೆ ಅಂತ ಈ ಪ್ಲೇಟ್ ತಂದೆ. ಮೂರು ವರ್ಷ ಆಯ್ತು. ಇವತ್ತಿನ ತನ್ಕ ನಾಕ್ನೇದು ದಾಟಿ ನಾನ್ಯಾವತ್ತೂ ಕೇಳಿರ್ಲಿಲ್ಲ."

ಅಂದರೆ ನಾನು ಒಡೆದದ್ದು ಬರೀ ಪ್ಲೇಟಲ್ಲ. ಈ ಮುದುಕ ಎಂದಾದರೂ ಒಂದು ದಿನ ಕೇಳಬಹುದಾಗಿದ್ದ ಕೊನೆ. ನನ್ನ ನಾಲಿಗೆ ತಡೆಯಲಿಲ್ಲ.

"ಬೀಗ್ರೇ, ಮೇಲಿಟ್ಟೋನು ನಾನು. ಪಾಪನ್ ಕಣ್ಗೆ ಬೀಳ್ದೆ ಇರ್ಲಿ ಅಂತ."

"ಗೊತ್ತು ಬುಡಿ."

"ಎಂಗೆ ಗೊತ್ತು?"

"ಬಂದ ದಿನದಿಂದ ನಿಮ್ ಮುಖ ಒಣಮೆಣ್ಸಿನಕಾಯಿ ಉರಿದಂಗೈತೆ. ನಂಗೂ ಅಂಗೇ ಉರಿದಿತ್ತು. ಐದು ದಿನ ಈ ಪಾಪ ಎದ್ರೂ ಗಾಡಿ ತಾತ, ಕೂತ್ರೂ ಗಾಡಿ ತಾತ. ನಿಮ್ಗೆ ಏಳಿ ಕಳ್ಸಿದ್ರು ಅಂತ ಗೊತ್ತಾದ್ಮೇಲೇ ನಾನು ಈ ಪೆಟ್ಗೇನ ಅವ್ಳ ಮುಂದೆ ತಂದಿಟ್ಟಿದ್ದು."

ಮೊಮ್ಮಗಳು ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. "ಆಮೇಲೆ?"

ಹೊರಗೆ ಬಿಸಿಲು ಹೊಡೆಯುತ್ತಿತ್ತು. ಹಗಲು. ನಾನು ಒಂದು ಸಲ ಬಂಗಾರಪೇಟೆ ದಾರಿಯಲ್ಲಿರುವ ಎಲ್ಲರನ್ನೂ ಮನಸ್ಸಿನಲ್ಲೇ ನೆನೆಸಿಕೊಂಡು, ತಪ್ಪಾಯಿತು ಎಂದೆ.

"ಏಳ್ತೀನಿ. ಊಂ ಅನ್ನೋರು ಯಾರು?"

ಮೊಮ್ಮಗಳು ಬಾಯಿ ತೆರೆದಳು. ಆದರೆ ಹೂಂ ಅನ್ನದೆ ನನ್ನ ಅಂಗಿ ಹಿಡಿದುಕೊಂಡಳು.

"ನಾನಂತೀನಿ," ಎಂದರು ಬೀಗರು. "ನೀನು ಸುಮ್ಕೆ ಕೇಳು ಬಂಗಾರ." ಎಂದು ಪಕ್ಕದಲ್ಲೇ ಮಲಗಿ ತಲೆಯ ಕೆಳಗೆ ಕೈ ಇಟ್ಟುಕೊಂಡರು.

"ರಾಜ ನದಿ ದಡದಲ್ಲಿ ನಿಂತ."

"ಊಂ."

"ಈಜೋಕೆ ಬರಲ್ಲ. ರಾಜರಿಗೆ ಅದೆಲ್ಲ ಯಾರ್ ಕಲಿಸ್ತಾರೆ?"

"ಊಂ."

"ಅಷ್ಟೊತ್ತಿಗೆ ದಾರಿ ತಪ್ಪಿ ಒಬ್ಬ ಗಾಡಿಯೋನು ಆ ಕಡೆ ಬಂದ."

ಬೀಗರು ತಲೆ ಎತ್ತಿದರು. "ಈ ಕಥೇಲಿ ಗಾಡಿಯೋನು ಎಲ್ಲವ್ನೆ ಬೀಗ್ರೇ?"

"ಕೊನೇ ಪ್ಲೇಟಲ್ಲಿದ್ದ. ಒಡೆದೋಯ್ತಲ್ಲ."

ಬೀಗರಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. ಮೊಮ್ಮಗಳ ತುಟಿಯಲ್ಲೂ ಏನೋ ಅಲುಗಿತು. "ಊಂ ಅನ್ನು ಪೆಟ್ಗೆ ತಾತ," ಎಂದು ಗದರಿದಳು.

"ಊಂ."

ಬೀಗರ ಹೂಂ ಬಗ್ಗೆ ಹೇಳಲೇಬೇಕು. ನಾನು ಎಷ್ಟೋ ಜನಕ್ಕೆ ಕಥೆ ಹೇಳಿದ್ದೇನೆ. ಅಂಥ ಹೂಂ ಕೇಳಿರಲಿಲ್ಲ. ಎದೆಯೊಳಗೆ, ಆ ಕೆಮ್ಮಿನ ಕೆಳಗೆ, ಬಾವಿಯ ತಳದಿಂದ ಬಂದ ಹಾಗೆ ಬರುತ್ತಿತ್ತು. ಗಾಡಿಯವನು ಎತ್ತುಗಳ ಬೆನ್ನು ತಟ್ಟಿದ, ಹೂಂ. ರಾಜನನ್ನು ಮೂಟೆಗಳ ಮೇಲೆ ಕೂರಿಸಿದ, ಹೂಂ. ನೀರಿಗೆ ಇಳಿದ. ಚಕ್ರದ ಅಚ್ಚಿನ ತನಕ ನೀರು. ನನ್ನ ಗಾಡಿ ಎಷ್ಟು ಸಲ ಹಳ್ಳ ದಾಟಿಲ್ಲ! ಎತ್ತಿನ ಕಾಲಿಗೆ ಮರಳು ಸಿಕ್ಕುವುದು, ನೊಗ ಒಂದು ಕಡೆ ವಾಲುವುದು, ಒಂದನ್ನೂ ಬಿಡದೆ ಹೇಳಿದೆ. ತೊಡೆಯ ಮೇಲಿನ ಭಾರ ಮೆಲ್ಲಗೆ ಬದಲಾಯಿತು. ಮಗು ಮಲಗಿದಾಗ ಭಾರ ಹೆಚ್ಚುತ್ತದೆ, ಎತ್ತಿಕೊಂಡವರಿಗೆ ಗೊತ್ತು. ನೆಲ ನಡುಗಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ನನ್ನ ಮೊಮ್ಮಗಳು ನನ್ನ ತೊಡೆಯ ಮೇಲೆ, ನನ್ನ ಕಥೆಗೆ ಮಲಗಿಬಿಟ್ಟಿದ್ದಳು. ಎದ್ದು ಕುಣಿಯಬೇಕೆನಿಸಿತು. ಕುಣಿಯುವ ಹಾಗಿರಲಿಲ್ಲ, ಕಾಲು ಅಲುಗಿಸುವ ಹಾಗೂ ಇರಲಿಲ್ಲ. ಕೂತಲ್ಲೇ ಒಳಗೊಳಗೇ ಕುಣಿದೆ.

"ನಡು ನೀರಿಗೆ ಬಂದ್ರು," ಎಂದೆ ಮೆಲ್ಲಗೆ.

ಹೂಂ ಬರಲಿಲ್ಲ. ನೋಡಿದರೆ ಬೀಗರೂ ಮಲಗಿದ್ದರು. ಪೆಟ್ಟಿಗೆ ಸುಮ್ಮನಿತ್ತು. ಹೂಂ ನಿಂತ ಮೇಲೆ ಕಥೆ ನಿಲ್ಲಬೇಕು. ಗಾಡಿಯನ್ನು ನಡುನೀರಿನಲ್ಲೇ ನಿಲ್ಲಿಸಿದೆ.

ಮಾರನೇ ದಿನ ನಾಲ್ಕನೇ ದಿನ. ನಾನು ಚೀಲ ಕೈಗೆತ್ತಿಕೊಳ್ಳುವ ಮೊದಲೇ ಮೊಮ್ಮಗಳು ಬಾಗಿಲಿಗೆ ಅಡ್ಡ ನಿಂತಳು. "ರಾಜ ನೀರಲ್ಲೇ ಅವ್ನೆ. ಎಂಗೆ ಓಗ್ತೀಯ?"

"ಅದೂ ನಿಜಾನೇ," ಎಂದರು ಬೀಗರು ನನ್ನ ಮಗಳಿಗೆ ಕೇಳುವ ಹಾಗೆ. "ಕೆಲ್ಸ ಅರ್ಧಕ್ಕೆ ಬಿಟ್ಟು ಓಗೋದು ಗಾಡಿಯೋರಿಗೆ ಸರಿಯಲ್ಲ."

ಆ ನದಿ ದಾಟಲು ನನಗೆ ಹನ್ನೊಂದು ದಿನ ಹಿಡಿಯಿತು. ಒಂದು ದಿನ ಎತ್ತು ಮೊಂಡು ಹಿಡಿಯಿತು, ಒಂದು ದಿನ ಅಚ್ಚು ಮುರಿಯಿತು, ಒಂದು ದಿನ ರಾಜನಿಗೇ ಹಸಿವಾಯಿತು. ದಿನವೂ ಊಟವಾದ ಮೇಲೆ ಬೀಗರು ಐದನೇ ಪ್ಲೇಟು ಒಂದನ್ನೇ ಹಾಕುವುದು, ಅದು ಮುಗಿದ ಕಡೆಯಿಂದ ನಾನು ಹಿಡಿಯುವುದು, ಅವರು ಹೂಂ ಅನ್ನುವುದು. ಇಬ್ಬರೂ ಮಲಗುತ್ತಿದ್ದರು. ಮೊಮ್ಮಗಳು ಚಾಪೆಗೆ ಬೆನ್ನು ಕೊಡುವುದನ್ನು ಮತ್ತೆ ಕಲಿತಳು. ಊರಿನಿಂದ ನನ್ನ ಹೆಂಡತಿ ಹೇಳಿ ಕಳುಹಿಸಿದಳು: ಗಂಡ ಬೀಗರ ಮನೆಗೆ ಅಳಿಯನಾಗಿ ಹೋದನೋ ಏನು ಎಂದು. ಹನ್ನೊಂದನೇ ದಿನ ರಾಜನನ್ನು ಆಚೆ ದಡಕ್ಕೆ ಇಳಿಸಿ, ಮಗುವನ್ನು ಅವನ ಕೈಗೆ ಕೊಟ್ಟೆ. ಆವತ್ತು ಮಾತ್ರ ಬೀಗರು ಕೊನೆಯ ತನಕ ಎದ್ದಿದ್ದರು. "ಊಂ," ಅಂದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ "ಊಂ" ಎಂದರು.

ನಾನು ಹೊರಡುವ ದಿನ ಬೀಗರು ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾರಿಕುಪ್ಪಂ ಸ್ಟೇಷನ್ನಿಗೆ ಬಂದರು. ರೈಲಿನ ಕಿಟಕಿಯಿಂದ ಅವಳ ಕೆನ್ನೆ ಹಿಡಿದು, ಕೇಳಬಾರದ್ದನ್ನು ಕೇಳಿಯೇಬಿಟ್ಟೆ.

"ಪೆಟ್ಗೆ ಕಥೆ ಚೆನ್ನಾಗಿತ್ತೋ, ಗಾಡಿ ತಾತನ್ ಕಥೆ ಚೆನ್ನಾಗಿತ್ತೋ?"

ಅವಳು ಯೋಚನೆ ಮಾಡಿದಳು. ಬೀಗರ ತಲೆಗೂದಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

"ಗಾಡಿ ತಾತನ್ ಕಥೆ," ಎಂದಳು. ನನ್ನ ಎದೆ ಉಬ್ಬಿತು. "ಆದ್ರೆ ಪೆಟ್ಗೆ ತಾತ ಊಂ ಅಂತಾನಲ್ಲ, ಅದು ಎಲ್ಲಕ್ಕಿಂತ ಚೆನ್ನಾಗಿತ್ತು."

ಬೀಗರು ನಗುವನ್ನು ಮೀಸೆಯಲ್ಲಿ ಅಡಗಿಸಿಕೊಂಡು, ಕೆಮ್ಮು ಬಂದ ಹಾಗೆ ಮುಖ ಆ ಕಡೆ ತಿರುಗಿಸಿದರು. ರೈಲು ಹೊರಟಿತು.

ಬಂಗಾರಪೇಟೆಯಲ್ಲಿ ಇಳಿದು ಗಾಡಿ ಕಟ್ಟಿದೆ. ಊರಿನ ದಾರಿಯಲ್ಲಿ ಯಾರೂ ಇರಲಿಲ್ಲ. ಎತ್ತುಗಳ ಕಡೆ ನೋಡುತ್ತಾ ಒಂದು ಸಲ ಹೂಂ ಅಂದು ನೋಡಿದೆ. ಗಂಟಲಿನಿಂದಲೇ ಬಂತು. ಇನ್ನೂ ಕೆಳಗಿನಿಂದ, ಹೊಟ್ಟೆಯಿಂದ ತೆಗೆದು ಇನ್ನೊಂದು ಸಲ ಅಂದೆ. ಎಡಗಡೆಯ ಎತ್ತು ಕಿವಿ ಅಲುಗಿಸಿತು. ಊರು ಬರುವ ತನಕ ಹೂಂ ಅನ್ನುತ್ತಲೇ ಬಂದೆ. ಕೆರೆ ಏರಿಯ ಹತ್ತಿರ ಅಂದದ್ದು ಬೀಗರದಕ್ಕಿಂತ ಚೆನ್ನಾಗಿತ್ತು.